ತವರಿಗೆ ಮೂರು ಅಂಕ

(ಮಿಷಿಗನ್‌ನ ಕನ್ನಡಿಗರ ತಿಂಗಳ ಕೂಟವೊಂದರಲ್ಲಿ 2026ರ ಫೆಬ್ರುವರಿಯಲ್ಲಿ ಆಡಿದ ಮಾತಿನ ಬರಹ ರೂಪ)

ಜನವರಿ 19ರ ರಾತ್ರಿ ನಿಮ್ಮಲ್ಲಿ ಎಷ್ಟು ಜನ ಟಿವಿ ಮುಂದೆ ಕುಳಿತಿದ್ದಿರಿ? ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು, ನನ್ನ ಕೆಲಸ ಹಗುರವಾಯಿತು. ಅಂದು ಕಾಲೇಜು ಫುಟ್‌ಬಾಲ್‌ನ ರಾಷ್ಟ್ರೀಯ ಫೈನಲ್. ಇಂಡಿಯಾನಾ ಮತ್ತು ಮಯಾಮಿ. ಫೈನಲ್ ಯಾವ ಊರಿನಲ್ಲಿ ಎಂಬುದನ್ನು ಬಹಳ ಮೊದಲೇ ಗೊತ್ತುಮಾಡಿರುತ್ತಾರೆ. ಹಾಗಾಗಿ ಕಾಗದದ ಮೇಲೆ ಅದು ಯಾರದೂ ಅಲ್ಲದ ಮೈದಾನ. ಆದರೆ ಈ ಸಲ ಆ ಸರದಿ ಬಂದದ್ದು ಹಾರ್ಡ್ ರಾಕ್ ಸ್ಟೇಡಿಯಂಗೆ. ಮಯಾಮಿ ತಂಡ ಪ್ರತಿ ವರ್ಷ ತನ್ನ ಮನೆಯ ಪಂದ್ಯಗಳನ್ನು ಆಡುವುದು ಅದೇ ಹುಲ್ಲಿನ ಮೇಲೆ. ಗೆದ್ದದ್ದು ಇಂಡಿಯಾನಾ, 27–21. ಇದರಲ್ಲಿ ಇನ್ನೊಂದು ತಮಾಷೆಯೂ ಇದೆ. ಗೆಲ್ಲಿಸಿದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಫರ್ನಾಂಡೊ ಮೆಂಡೋಝಾ ಮಯಾಮಿಯಲ್ಲೇ ಬೆಳೆದ ಹುಡುಗ. ಹಾಗಾದರೆ ಅಂದು ತವರು ಯಾರದು?

ಈ ‘ತವರು’ ಎಂಬ ಪದದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ‘ತವರಿನ ಅಂಗಳ’ ಎನ್ನುವುದು ನಮ್ಮ ಪತ್ರಿಕೆಗಳ ಕ್ರೀಡಾಪುಟದ ರೂಢಿ. ತವರು ಎಂದರೆ ಮದುವೆಯಾಗಿ ಹೋದ ಹೆಣ್ಣುಮಗಳಿಗೆ ಹುಟ್ಟಿದ ಮನೆ. ಅಲ್ಲಿ ಅವಳು ಒಂಬತ್ತಕ್ಕೆ ಎದ್ದರೂ ಯಾರೂ ಕೇಳುವುದಿಲ್ಲ. ಕರೆಂಟ್ ಹೋದರೂ ಬೆಂಕಿಪೊಟ್ಟಣ ಯಾವ ಗೂಡಿನಲ್ಲಿದೆ ಎಂದು ಕೈಗೆ ಗೊತ್ತು. ಆಟದ ತಂಡಕ್ಕೆ ಈ ಪದವನ್ನು ಮೊದಲು ಅಂಟಿಸಿದವರು ಯಾರೋ, ಒಳ್ಳೆಯ ಕಿವಿಯವರು. ತನ್ನ ಕೋಣೆ, ತನ್ನ ಹಾಸಿಗೆ, ತನ್ನ ಜನ: ಇದೇ ಸಲಿಗೆ. ಈ ಸಲಿಗೆಗೆ ಎಷ್ಟು ಅಂಕ ಬೆಲೆ ಎಂಬುದೇ ಇವತ್ತಿನ ವಿಷಯ.

ಬೆಲೆ ಕಟ್ಟಿದವರು ಇದ್ದಾರೆ. ಈ ದೇಶದಲ್ಲಿ ಬಾಜಿಯ ದರ ನಿಗದಿಮಾಡುವವರು ಬಹಳ ಕಾಲ ಕಣ್ಣು ಮುಚ್ಚಿಕೊಂಡು ತವರಿನ ತಂಡಕ್ಕೆ ಮೂರು ಅಂಕ ಸೇರಿಸುತ್ತಿದ್ದರು. ಎರಡೂ ತಂಡ ಸರಿಸಮ ಎಂದಾದರೆ ಮನೆಯಲ್ಲಿ ಆಡುವವರು ಮೂರು ಅಂಕದಿಂದ ಗೆಲ್ಲುತ್ತಾರೆ ಎಂಬ ಲೆಕ್ಕ. ಮೂರು ಎಂದರೆ ಒಂದು ಫೀಲ್ಡ್ ಗೋಲ್, ಚೆಂಡನ್ನು ಕಂಬಗಳ ನಡುವೆ ಒದ್ದರೆ ಸಿಗುವ ಅಂಕ. ಈಗ ಅದೇ ಜನ ಎರಡು, ಹೆಚ್ಚೆಂದರೆ ಎರಡೂವರೆ ಎನ್ನುತ್ತಾರೆ. ಸ್ವಂತ ದುಡ್ಡು ಹಾಕಿ ಮಾತಾಡುವವರು ಅವರು, ಆದ್ದರಿಂದ ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ತವರಿನ ಬೆಲೆ ಇಳಿದಿದೆ, ಆದರೆ ಸೊನ್ನೆಯಾಗಿಲ್ಲ. ಉಳಿದಿರುವ ಆ ಎರಡು ಅಂಕ ಮೈದಾನದ ಯಾವ ಜಾಗದಲ್ಲಿ ಅಡಗಿದೆ ಎಂದು ತೋರಿಸಲು ಬಂದಿದ್ದೇನೆ.

ಮುಂದಿನ ಸಾಲಿನಲ್ಲಿ ಊರಿನಿಂದ ಮಕ್ಕಳ ಮನೆಗೆ ಬಂದಿರುವ ಹಿರಿಯರು ಕುಳಿತಿದ್ದೀರಿ. ನಿಮಗಾಗಿ ಆಟವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಹೆಸರು ಫುಟ್‌ಬಾಲ್, ಆಡುವುದು ಹೆಚ್ಚಾಗಿ ಕೈಯಲ್ಲಿ. ಏಕೆ ಎಂದು ನನ್ನನ್ನು ಕೇಳಬೇಡಿ. ಹನ್ನೊಂದು ಜನರ ಎದುರು ಹನ್ನೊಂದು ಜನ. ಚೆಂಡು ಇರುವ ತಂಡ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಪ್ರತಿ ಯತ್ನಕ್ಕೂ ಮೊದಲು ಎಲ್ಲರೂ ಸಾಲುಗಟ್ಟಿ ನಿಲ್ಲುತ್ತಾರೆ. ನಡುವೆ ಬಗ್ಗಿ ನಿಂತಿರುವ ಸೆಂಟರ್ ಎಂಬ ಆಟಗಾರ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಅದಕ್ಕೆ ಸ್ನ್ಯಾಪ್ ಎನ್ನುತ್ತಾರೆ. ಆಮೇಲೆ ನಡೆಯುವ ನೂಕಾಟ ನಿಮಗೆ ನೋಡಿದರೇ ಅರ್ಥವಾಗುತ್ತದೆ.

ಈಗ ಸಾಲಿನ ತುದಿಯಲ್ಲಿ ನಿಂತಿರುವ ಟ್ಯಾಕಲ್‌ನನ್ನು ನೋಡಿ. ಮುನ್ನೂರು ಪೌಂಡ್ ದಾಟಿದ ಹುಡುಗ, ಟಿವಿಯಲ್ಲಿ ಅವನ ಹೆಸರು ಹೇಳಿದರೆ ಅವನು ಏನೋ ತಪ್ಪು ಮಾಡಿದ್ದಾನೆ ಎಂದೇ ಅರ್ಥ. ಅವನ ಎದುರು ಅವನಿಗಿಂತ ಹಗುರವಾದ, ಅವನಿಗಿಂತ ವೇಗದ ಒಬ್ಬ ನಿಂತಿದ್ದಾನೆ. ಆ ವೇಗಿ ತನ್ನನ್ನು ಸುತ್ತಿಹಾಕಿ ಕ್ವಾರ್ಟರ್‌ಬ್ಯಾಕ್ ಮೇಲೆ ಎರಗದಂತೆ ತಡೆಯುವುದು ಟ್ಯಾಕಲ್‌ನ ಕೆಲಸ. ಓಟದಲ್ಲಿ ಸೋಲುವವನಿಗೆ ಇರುವ ಬಂಡವಾಳ ಒಂದೇ: ಸ್ನ್ಯಾಪ್ ಯಾವಾಗ ಎಂದು ಅವನಿಗೆ ಮೊದಲೇ ಗೊತ್ತು. ಕ್ವಾರ್ಟರ್‌ಬ್ಯಾಕ್‌ನ ಯಾವ ಕೂಗಿಗೆ ಚೆಂಡು ಹೊರಡುತ್ತದೆ ಎಂಬುದನ್ನು ಅವರು ತಮ್ಮೊಳಗೆ ಮಾತಾಡಿಕೊಂಡಿರುತ್ತಾರೆ. ಕೂಗು ಕೇಳಿದ ಕ್ಷಣ ಅವನ ಕಾಲು ಹಿಂದಕ್ಕೆ ಸರಿದಿರುತ್ತದೆ. ಎದುರಾಳಿ ಚೆಂಡು ಕದಲಿದ್ದನ್ನು ಕಂಡ ಮೇಲೆ ಹೊರಡಬೇಕು. ಅರ್ಧ ಹೆಜ್ಜೆಯ ಲಾಭ. ಇಡೀ ಆಟ ನಿಂತಿರುವುದು ಆ ಅರ್ಧ ಹೆಜ್ಜೆಯ ಮೇಲೆ.

ಲಕ್ಷ ಜನ ಬೊಬ್ಬೆ ಹೊಡೆದಾಗ ಕೂಗು ಕೇಳುವುದಿಲ್ಲ. ಆಗ ಮೂಕ ಎಣಿಕೆ ಶುರು. ಸೆಂಟರ್‌ನ ಪಕ್ಕ ನಿಲ್ಲುವ ಗಾರ್ಡ್ ತನ್ನ ಕಾಲುಗಳ ನಡುವಿನಿಂದ ಹಿಂದೆ ನೋಡುತ್ತಾನೆ. ಕ್ವಾರ್ಟರ್‌ಬ್ಯಾಕ್ ಒಂದು ಪಾದ ಎತ್ತಿ ಇಡುತ್ತಾನೆ. ಗಾರ್ಡ್ ಸೆಂಟರ್‌ನನ್ನು ತಟ್ಟುತ್ತಾನೆ. ಸೆಂಟರ್ ತಲೆ ಆಡಿಸಿ ಚೆಂಡು ಕೊಡುತ್ತಾನೆ. ತುದಿಯಲ್ಲಿರುವ ನಮ್ಮ ಟ್ಯಾಕಲ್ ಎದುರಾಳಿಯನ್ನು ಬಿಟ್ಟು ಕತ್ತು ಓರೆಮಾಡಿ ಚೆಂಡನ್ನು ನೋಡುತ್ತಿರಬೇಕು, ಅದು ಕದಲಿದ ಮೇಲೆ ಮತ್ತೆ ಎದುರಿಗೆ ತಿರುಗಬೇಕು. ಅರ್ಧ ಹೆಜ್ಜೆ ಹೋಯಿತು. ಗಾಬರಿಯಲ್ಲಿ ಮೊದಲೇ ಕದಲಿದರೆ ಫಾಲ್ಸ್ ಸ್ಟಾರ್ಟ್, ಐದು ಗಜ ದಂಡ. ತವರಿನ ಬಲ ಎಂದು ನಾವು ಹೇಳುವುದರಲ್ಲಿ ಕಣ್ಣಿಗೆ ಕಾಣುವ ಭಾಗ ಎಂದರೆ ಇದು, ಒಬ್ಬ ಹುಡುಗನ ಕತ್ತು.

ಇದನ್ನು ತಂತ್ರಜ್ಞಾನ ತೆಗೆದುಹಾಕಿಲ್ಲವೇ ಎಂದು ಕೇಳಬಹುದು. 2024ರಿಂದ ಹೆಲ್ಮೆಟ್ ಒಳಗೆ ಸ್ಪೀಕರ್ ಬಂದಿದೆ. ಕೋಚ್ ಹೇಳುವುದು ನೇರವಾಗಿ ಕ್ವಾರ್ಟರ್‌ಬ್ಯಾಕ್ ಕಿವಿಗೆ ಬೀಳುತ್ತದೆ. ಮೊದಲು ಅಂಚಿನಲ್ಲಿ ನಿಂತು ದೊಡ್ಡ ದೊಡ್ಡ ಚಿತ್ರಫಲಕಗಳನ್ನು ಎತ್ತಿ ಹಿಡಿಯುತ್ತಿದ್ದರಲ್ಲ, ಅದು ಕಡಿಮೆಯಾಯಿತು. ಆದರೆ ಪ್ರತಿ ಯತ್ನಕ್ಕೂ ಓಡುವ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ಸಂಪರ್ಕ ಕಡಿದುಹೋಗುತ್ತದೆ. ಮೇಲಾಗಿ ಮೈದಾನದಲ್ಲಿ ಪ್ರತಿ ತಂಡದಿಂದ ಒಬ್ಬನಿಗೆ ಮಾತ್ರ ಸ್ಪೀಕರ್. ಟ್ಯಾಕಲ್‌ನ ಕಿವಿಯಲ್ಲಿ ಇಂದಿಗೂ ಇರುವುದು ಬೊಬ್ಬೆ ಮಾತ್ರ.

ಅದಕ್ಕೇ ಇಲ್ಲಿನ ಪ್ರೇಕ್ಷಕರಿಗೆ ಒಂದು ಶಿಸ್ತು ಇದೆ. ಚಿನ್ನಸ್ವಾಮಿಯಲ್ಲಿ ಕುಳಿತು ಅಭ್ಯಾಸವಾದವರಿಗೆ ಇದು ವಿಚಿತ್ರ. ನಮ್ಮಲ್ಲಿ ನಮ್ಮವರು ಬ್ಯಾಟ್ ಬೀಸಿದಾಗ ಕಿರುಚುತ್ತೇವೆ. ಇಲ್ಲಿ ನಮ್ಮವರ ಕೈಯಲ್ಲಿ ಚೆಂಡು ಇದ್ದಾಗ ಬಾಯಿ ಮುಚ್ಚಿಕೊಂಡಿರಬೇಕು. ಎದುರಾಳಿಯ ಕೈಗೆ ಬಂದಾಗ ಗಂಟಲು ಹರಿಯಬೇಕು. ನನ್ನ ಮೊದಲ ಪಂದ್ಯದಲ್ಲಿ ನಾನು ತದ್ವಿರುದ್ಧ ಮಾಡಿ ಪಕ್ಕದ ಅಜ್ಜಿಯಿಂದ ಬೈಸಿಕೊಂಡಿದ್ದೇನೆ.

ಲೂಯಿಸಿಯಾನಾದ ಎಲ್‌ಎಸ್‌ಯು ಕ್ರೀಡಾಂಗಣದ ಭೂಕಂಪದ ಕಥೆಯನ್ನು ಎಲ್ಲರೂ ಹೇಳುತ್ತಾರೆ. 1988ರ ಅಕ್ಟೋಬರ್, ಆಬರ್ನ್ ಎದುರಾಳಿ. ಕೊನೆಯ ನಿಮಿಷಗಳಲ್ಲಿ ಟಾಮಿ ಹಾಡ್ಸನ್ ಎಸೆದ ಚೆಂಡನ್ನು ಎಡ್ಡಿ ಫುಲ್ಲರ್ ಹಿಡಿದ; ಜನ ಎಷ್ಟು ಕುಣಿದರು ಎಂದರೆ ವಿಶ್ವವಿದ್ಯಾಲಯದ ಭೂಕಂಪನ ಮಾಪಕದಲ್ಲಿ ಗೆರೆ ಮೂಡಿತು. 7–6ರ ಗೆಲುವು. ತವರಿನ ಬಲಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎನ್ನುತ್ತಾರೆ. ಆದರೆ ಆ ಕಂಪನ ಬಂದದ್ದು ಚೆಂಡು ಹಿಡಿದ ಮೇಲೆ. ಆ ಸದ್ದಿನಿಂದ ಯಾರ ಕತ್ತೂ ತಿರುಗಲಿಲ್ಲ. ಊಟವಾದ ಮೇಲಿನ ತೇಗಿನಿಂದ ಅಡುಗೆ ರುಚಿಯಾಗುವುದಿಲ್ಲವಲ್ಲ.

ಗಾತ್ರವೂ ಹಾಗೆಯೇ ಮೋಸ ಮಾಡುತ್ತದೆ. ನಮ್ಮ ಆನ್ ಆರ್ಬರ್‌ನ ಮಿಷಿಗನ್ ಸ್ಟೇಡಿಯಂನಲ್ಲಿ 1,07,601 ಆಸನ, ಈ ದೇಶದಲ್ಲೇ ದೊಡ್ಡದು. ಆದರೆ ಅದು ಅಗಲವಾದ, ಇಳಿಜಾರು ಕಡಿಮೆಯ ಬೋಗುಣಿ. ಸದ್ದು ಆಕಾಶಕ್ಕೆ ಹೋಗುತ್ತಿತ್ತು. 2010ರಲ್ಲಿ ಎರಡೂ ಪಕ್ಕಗಳಲ್ಲಿ ಶ್ರೀಮಂತರ ಕೋಣೆಗಳ ಗೋಡೆ ಎದ್ದ ಮೇಲೆ ಸ್ವಲ್ಪ ಸದ್ದು ಒಳಗೆ ಉಳಿಯತೊಡಗಿತು. ಓರೆಗಾನ್‌ನ ಆಟ್ಝನ್ ಸ್ಟೇಡಿಯಂನಲ್ಲಿ ಹೆಚ್ಚುಕಡಿಮೆ ಇದರ ಅರ್ಧ ಜನ, 54,000. ಅದು ನೆಲದಲ್ಲಿ ಹುದುಗಿದ ಆಳವಾದ ಬಾವಿಯಂತಿದೆ. ಅಲ್ಲಿ ಆಡಿದವರು ಅದಕ್ಕೇ ಹೆಚ್ಚು ಹೆದರುತ್ತಾರೆ.

ಟೆಕ್ಸಸ್ ಎ ಆ್ಯಂಡ್ ಎಂ ಬಗ್ಗೆ ಹೇಳದೆ ಮುಂದೆ ಹೋದರೆ ಹಿಂದಿನ ಸಾಲಿನಲ್ಲಿರುವ ನನ್ನ ಸ್ನೇಹಿತರು ಎದ್ದು ಹೋಗುತ್ತಾರೆ. ಅವರ ವಿದ್ಯಾರ್ಥಿಗಳು ಪಂದ್ಯದುದ್ದಕ್ಕೂ ನಿಂತೇ ಇರುತ್ತಾರೆ. ತಮ್ಮನ್ನು ಹನ್ನೆರಡನೆಯ ಆಟಗಾರ ಎಂದು ಕರೆದುಕೊಳ್ಳುತ್ತಾರೆ. ಇದರ ಮೂಲ 1922ರ ಜನವರಿ 2. ಸೆಂಟರ್ ಕಾಲೇಜಿನ ವಿರುದ್ಧ ಆಡುತ್ತ ಆಡುತ್ತ ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡರು. ಪತ್ರಕರ್ತರ ಜೊತೆ ಮೇಲೆ ಕುಳಿತಿದ್ದ ಇ. ಕಿಂಗ್ ಗಿಲ್ ಎಂಬ ವಿದ್ಯಾರ್ಥಿಯನ್ನು ಕೋಚ್ ಕೆಳಗೆ ಕರೆದರು. ಅವನು ಗಾಯಗೊಂಡವನೊಬ್ಬನ ಸಮವಸ್ತ್ರ ತೊಟ್ಟು ಅಂಚಿನಲ್ಲಿ ನಿಂತ. ಅವನನ್ನು ಮೈದಾನಕ್ಕೆ ಇಳಿಸುವ ಪ್ರಸಂಗ ಬರಲೇ ಇಲ್ಲ. ತಂಡ 22–14ರಿಂದ ಗೆದ್ದಿತು. ಗಮನಿಸಿ, ಆ ಪಂದ್ಯ ನಡೆದದ್ದು ಡಲ್ಲಾಸ್‌ನಲ್ಲಿ. ತವರಿನ ಬಲದ ಅತಿ ದೊಡ್ಡ ದಂತಕಥೆ ಹುಟ್ಟಿದ್ದು ಪರಸ್ಥಳದಲ್ಲಿ, ಆಡದೇ ನಿಂತವನಿಂದ! ನನಗೆ ಈ ಕಥೆ ತುಂಬ ಇಷ್ಟ.

ಇನ್ನು ಅಂಕಿಅಂಶ. ಕಾಲೇಜು ಫುಟ್‌ಬಾಲ್‌ನಲ್ಲಿ ಹತ್ತಕ್ಕೆ ಆರಕ್ಕೂ ಹೆಚ್ಚು ಪಂದ್ಯಗಳನ್ನು ಮನೆಯವರೇ ಗೆಲ್ಲುತ್ತ ಬಂದಿದ್ದಾರೆ. ಈ ಸಂಖ್ಯೆಯನ್ನು ಹಿಡಿದುಕೊಂಡು ತವರಿನ ಮಹಿಮೆ ಹಾಡುವವರ ಬಗ್ಗೆ ನನ್ನ ತಕರಾರಿದೆ. ಇದರಲ್ಲಿ ಒಂದು ಪಾಲು ದುಡ್ಡು ಕೊಟ್ಟು ಕೊಂಡದ್ದು.

2007ರ ಸೆಪ್ಟೆಂಬರ್ 1. ನಾನು ಆನ್ ಆರ್ಬರ್‌ನ ಆ ಅಲ್ಯೂಮಿನಿಯಂ ಬೆಂಚಿನ ಮೇಲೆ ಕುಳಿತಿದ್ದೆ. ದೇಶದಲ್ಲಿ ಐದನೆಯ ಸ್ಥಾನದಲ್ಲಿದ್ದ ಮಿಷಿಗನ್ ಎದುರು ಅಪಲಾಚಿಯನ್ ಸ್ಟೇಟ್ ಎಂಬ ಕೆಳಗಿನ ದರ್ಜೆಯ ತಂಡ. ಬಂದು ಸೋತು ಹೋಗಲಿ ಎಂದು ಅವರಿಗೆ 4 ಲಕ್ಷ ಡಾಲರ್ ಕೊಟ್ಟಿದ್ದರು. ಇದು ಇಲ್ಲಿ ಮುಚ್ಚುಮರೆಯ ವ್ಯವಹಾರವೇನಲ್ಲ. ದೊಡ್ಡವರು ಋತುವಿನ ಆರಂಭದಲ್ಲಿ ಸಣ್ಣವರನ್ನು ದುಡ್ಡು ಕೊಟ್ಟು ಮನೆಗೆ ಕರೆಯುತ್ತಾರೆ. ಟಿಕೆಟ್ ಮಾರಾಟವಾಗುತ್ತದೆ, ಒಂದು ಗೆಲುವು ದಾಖಲಾಗುತ್ತದೆ, ಸಣ್ಣ ಕಾಲೇಜಿನ ವರ್ಷದ ಖರ್ಚು ಹೊರಡುತ್ತದೆ. ಅಂದು ಕೊನೆಯ ಕ್ಷಣದಲ್ಲಿ ಸ್ಕೋರು 34–32, ಅತಿಥಿಗಳು ಮುಂದೆ. ಮಿಷಿಗನ್‌ಗೆ ಒಂದು ಫೀಲ್ಡ್ ಗೋಲ್ ಹೊಡೆದರೆ ಸಾಕು. ಕೋರಿ ಲಿಂಚ್ ಎಂಬ ಹುಡುಗ ಹಾರಿ ಅದನ್ನು ತಡೆದ. 1,09,000ಕ್ಕೂ ಹೆಚ್ಚು ಜನ ಒಟ್ಟಿಗೆ ಮೂಕರಾದದ್ದನ್ನು ನಾನು ಅಂದು ಕೇಳಿದೆ. ದೂರದ ಮೂಲೆಯಲ್ಲಿ ಒಂದು ಹಿಡಿ ಜನ ಕುಣಿಯುತ್ತಿದ್ದರು, ಅವರ ದನಿ ನಮ್ಮ ತನಕ ಸ್ಪಷ್ಟವಾಗಿ ಬರುತ್ತಿತ್ತು. ನನ್ನ ಪಕ್ಕದಲ್ಲಿದ್ದವರು ಕಡಲೆಕಾಯಿಯ ಪೊಟ್ಟಣವನ್ನು ನಾಲ್ಕು ಮಡಿಕೆ ಮಡಿಚಿ ಜೇಬಿಗೆ ಹಾಕಿಕೊಂಡು, ಏನೂ ಮಾತಾಡದೆ ಮೆಟ್ಟಿಲು ಹತ್ತಿ ಹೋದರು.

2024ರಲ್ಲಿ ನಾರ್ದರ್ನ್ ಇಲಿನಾಯ್ ತಂಡ ಇದೇ ಕೆಲಸವನ್ನು ನೋಟರ್‌ಡೇಮ್ ಮನೆಯಲ್ಲಿ ಮಾಡಿತು, 16–14. ಅದರ ಸಂಭಾವನೆ ಸುಮಾರು 14 ಲಕ್ಷ ಡಾಲರ್. ಆದರೆ ಇಂಥವು ಸುದ್ದಿಯಾಗುವುದೇ ಅಪರೂಪ ಎಂಬ ಕಾರಣಕ್ಕೆ. ಉಳಿದ ಹತ್ತಾರು ಪಂದ್ಯಗಳಲ್ಲಿ ದೊಡ್ಡವರು ಐವತ್ತು ಅಂಕ ಹೊಡೆದು ಮನೆಗೆ ಹೋಗುತ್ತಾರೆ, ನಾವು ಅದನ್ನು ತವರಿನ ಖಾತೆಗೆ ಬರೆಯುತ್ತೇವೆ. ಅವು ಯಾವ ಬಯಲಿನಲ್ಲಿ ನಡೆದಿದ್ದರೂ ಅದೇ ಫಲಿತಾಂಶ.

ರೆಫರಿಗಳ ವಿಷಯ ಬೇಗ ಮುಗಿಸುತ್ತೇನೆ. ಜನರ ಗದ್ದಲ ತೀರ್ಪನ್ನು ವಾಲಿಸುತ್ತದೆ ಎಂಬುದಕ್ಕೆ ನಮ್ಮ ಕಾಲ್ಚೆಂಡಿನಲ್ಲಿ ಒಳ್ಳೆಯ ಸಾಕ್ಷ್ಯ ಇದೆ. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಲಿವರ್‌ಪೂಲ್ ತನ್ನ ಮನೆಯಲ್ಲಿ ಲೆಸ್ಟರ್ ಎದುರು ಆಡಿದ ಪಂದ್ಯದ ದೃಶ್ಯಗಳನ್ನು 40 ರೆಫರಿಗಳಿಗೆ ತೋರಿಸಿದರು. ಕೆಲವರಿಗೆ ಸದ್ದು ಸಹಿತ, ಉಳಿದವರಿಗೆ ಮೂಕಚಿತ್ರ. ಸದ್ದು ಕೇಳಿದವರು ಮನೆಯವರ ಮೇಲೆ ಹಾಕಿದ ಫೌಲ್‌ಗಳು ಶೇಕಡಾ 15ರಷ್ಟು ಕಡಿಮೆ. ಮೋಸವಲ್ಲ, ಮನಸ್ಸು ತಾನಾಗಿಯೇ ಹಾಗೆ ವಾಲುತ್ತದೆ. ಕಾಲೇಜು ಫುಟ್‌ಬಾಲ್‌ನಲ್ಲಿ ಈಗ ಇಪ್ಪತ್ತು ವರ್ಷದಿಂದ ವಿಡಿಯೊ ಮರುಪರಿಶೀಲನೆ ಇದೆ. ತವರಿನ ಬೆಲೆ ಇಳಿಯಲು ಇದೂ ಒಂದು ಕಾರಣ ಎಂದು ನನ್ನ ಅಂದಾಜು. ಹಾಗೆಂದು ರೆಫರಿಗಳು ಯಾವಾಗಲೂ ಮನೆಯವರ ಕಡೆಗೇ ತಪ್ಪುತ್ತಾರೆ ಎಂದುಕೊಳ್ಳಬೇಡಿ. 1990ರಲ್ಲಿ ಮಿಸೌರಿಯ ಮೈದಾನದಲ್ಲಿ ಅವರು ಎಣಿಕೆ ತಪ್ಪಿ ಅತಿಥಿ ಕೊಲರಾಡೊಗೆ ನಾಲ್ಕರ ಬದಲು ಐದು ಯತ್ನ ಕೊಟ್ಟರು. ಐದನೆಯದರಲ್ಲಿ ಕೊಲರಾಡೊ 33–31ರಿಂದ ಗೆದ್ದಿತು, ಆ ವರ್ಷ ಪತ್ರಕರ್ತರ ಮತದಲ್ಲಿ ದೇಶಕ್ಕೇ ಮೊದಲಾಯಿತು. ಮಿಸೌರಿಯವರ ಮುಂದೆ ಇಂದಿಗೂ ಐದು ಬೆರಳು ತೋರಿಸಬಾರದು.

ಪ್ರೇಕ್ಷಕರೇ ಇಲ್ಲದಿದ್ದರೆ ಏನಾಗುತ್ತದೆ? ಕೊರೊನಾ ವರ್ಷ ಆ ಪರೀಕ್ಷೆಯನ್ನು ತಾನಾಗಿಯೇ ನಡೆಸಿತು. 2020ರಲ್ಲಿ ಮಿಷಿಗನ್ ಆಡಿದ್ದು ಆರು ಪಂದ್ಯ. ಮನೆಯಲ್ಲಿ ಮೂರು, ಮೂರೂ ಸೋಲು. ಗೆದ್ದ ಎರಡು, ಮಿನೆಸೋಟ ಮತ್ತು ರಟ್ಗರ್ಸ್, ಎರಡೂ ಅವರ ಮನೆಯಲ್ಲಿ. ಖಾಲಿ ಬೆಂಚುಗಳ ಮಹಾಬೋಗುಣಿ ಯಾರಿಗೂ ತವರಾಗಲಿಲ್ಲ. ಆದರೆ ಒಂದು ತಂಡದ ಒಂದು ವರ್ಷದಿಂದ ಸಿದ್ಧಾಂತ ಕಟ್ಟಬಾರದು. ಆ ವರ್ಷದ ಮಿಷಿಗನ್ ತುಂಬಿದ ಮೈದಾನದಲ್ಲೂ ಸೋಲುವಂಥ ತಂಡವೇ ಆಗಿತ್ತು.

ಇಷ್ಟು ಹೇಳಿ, ತವರಿನ ಬೆಲೆಯನ್ನು ಮೇಲಕ್ಕೆ ಎಳೆಯುತ್ತಿರುವ ಒಂದು ಹೊಸ ಸಂಗತಿಗೆ ಬರುತ್ತೇನೆ. 2024ರಲ್ಲಿ ಪಶ್ಚಿಮ ಕರಾವಳಿಯ ನಾಲ್ಕು ವಿಶ್ವವಿದ್ಯಾಲಯಗಳು ಮಿಷಿಗನ್ ಆಡುವ ನಮ್ಮ ಬಿಗ್ ಟೆನ್ ಕೂಟವನ್ನು ಸೇರಿದವು. ಟಿವಿ ಹಣಕ್ಕಾಗಿ ಮಾಡಿದ ಮದುವೆ. ಮೊದಲು ಹುಡುಗರು ಬಸ್ಸಿನಲ್ಲಿ ಪಕ್ಕದ ರಾಜ್ಯಕ್ಕೆ ಹೋಗಿ ಬರುತ್ತಿದ್ದರು. ಈಗ ಲಾಸ್ ಏಂಜಲೀಸ್‌ನವರು ನ್ಯೂಜೆರ್ಸಿಗೆ ಹಾರಬೇಕು. ನಮ್ಮ ಮಧ್ಯಾಹ್ನ ಹನ್ನೆರಡರ ಪಂದ್ಯ ಅವರ ದೇಹಕ್ಕೆ ಬೆಳಗಿನ ಒಂಬತ್ತು. ಬೆಂಗಳೂರಿನಿಂದ ಬಂದ ಮೊದಲ ವಾರ ನೀವು ಮಧ್ಯಾಹ್ನ ಸೋಫಾದ ಮೇಲೆ ಹೇಗೆ ಒರಗುತ್ತಿದ್ದಿರಿ, ನೆನಪಿಸಿಕೊಳ್ಳಿ.

2024ರ ಅಕ್ಟೋಬರ್‌ನಲ್ಲಿ ಒಹಾಯೊ ಸ್ಟೇಟ್ ಮೂರು ಗಂಟೆಯ ಅಂತರ ದಾಟಿ ಆಟ್ಝನ್‌ಗೆ ಹೋಗಿ ಓರೆಗಾನ್‌ಗೆ 32–31ರಲ್ಲಿ ಸೋತಿತು. ಒಂದೇ ಅಂಕ. ಅದೇ ಎರಡು ತಂಡ ಜನವರಿ 1ರಂದು ಪ್ಯಾಸಡೀನಾದ ತಟಸ್ಥ ಮೈದಾನದಲ್ಲಿ ಮತ್ತೆ ಎದುರಾದಾಗ ಒಹಾಯೊ 41–21ರಿಂದ ಗೆದ್ದಿತು. ಇಪ್ಪತ್ತೊಂದು ಅಂಕದ ಹೊರಳನ್ನೆಲ್ಲ ಆಟ್ಝನ್‌ನ ಸದ್ದಿಗೆ ಕಟ್ಟಲಾಗದು. ಆದರೆ ಅಕ್ಟೋಬರ್‌ನ ಆ ಒಂದು ಅಂಕವನ್ನು ನಾನು ಧಾರಾಳವಾಗಿ ಕಟ್ಟುತ್ತೇನೆ.

ರಾಷ್ಟ್ರೀಯ ಪ್ರಶಸ್ತಿಗೆ ಹನ್ನೆರಡು ತಂಡಗಳ ಪ್ಲೇಆಫ್ ಬಂದ ಮೇಲೆ ಮೊದಲ ಸುತ್ತು ಕಾಲೇಜುಗಳ ಸ್ವಂತ ಮೈದಾನದಲ್ಲೇ ನಡೆಯುತ್ತದೆ. 2024ರ ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ನಾಲ್ಕೂ ಮನೆಯವರೇ ಗೆದ್ದರು. ಯಾವುದೂ ಹತ್ತಿರದ ಪಂದ್ಯವಾಗಿರಲಿಲ್ಲ. ತವರು ಮತ್ತೆ ಎದ್ದಿತು ಎಂದು ಎಲ್ಲರೂ ಬರೆದರು. 2025ರ ಡಿಸೆಂಬರ್ ಬಂತು. ಓರೆಗಾನ್ ಮತ್ತು ಓಲ್ ಮಿಸ್ ಮನೆಯಲ್ಲಿ ಗೆದ್ದವು, ಆದರೆ ಎದುರಾಳಿಗಳು ಸಣ್ಣ ತಂಡಗಳು. ಸರಿಸಮರು ಬಂದ ಎರಡು ಕಡೆ ಅತಿಥಿಗಳೇ ಗೆದ್ದರು. ಅಲಬಾಮ ಓಕ್ಲಹೋಮಾದಲ್ಲಿ, ಮಯಾಮಿ ಟೆಕ್ಸಸ್ ಎ ಆ್ಯಂಡ್ ಎಂ ಮನೆಯಲ್ಲಿ, 10–3. ಲಕ್ಷಕ್ಕೂ ಹೆಚ್ಚು ಹನ್ನೆರಡನೆಯ ಆಟಗಾರರು ನಿಂತು ನೋಡುತ್ತಿದ್ದಂತೆ ಮನೆಯವರ ಕೊನೆಯ ಎಸೆತ ಮಯಾಮಿ ಹುಡುಗನ ಕೈ ಸೇರಿತು. ವಿಚಿತ್ರ ಏನೆಂದರೆ, ಈ ವ್ಯವಸ್ಥೆಯಲ್ಲಿ ಮೊದಲ ನಾಲ್ಕು ಸ್ಥಾನದವರಿಗೆ ಬಿಡುವು ಸಿಗುತ್ತದೆ, ಮನೆಯ ಪಂದ್ಯ ಸಿಗುವುದಿಲ್ಲ. ಐದರಿಂದ ಎಂಟರವರೆಗಿನವರಿಗೆ ತವರು, ಮೊದಲನೆಯವನಿಗೆ ಪರಸ್ಥಳ. ತವರಿಗೆ ನಿಜವಾಗಿ ಬೆಲೆ ಇದೆ ಎಂದು ನಂಬಿದವರು ಇಂಥ ಬಹುಮಾನ ಇಡುತ್ತಿದ್ದರೇ?

ಇಂಡಿಯಾನಾ ಕಡೆಗೆ ಮರಳುತ್ತೇನೆ. ಸೋಲಿನ ಪಟ್ಟಿಯಲ್ಲಿ ದೇಶಕ್ಕೇ ಮುಂದಿದ್ದ ತಂಡಗಳಲ್ಲಿ ಒಂದು ಅದು. ಈ ಋತುವಿನಲ್ಲಿ ಆಟ್ಝನ್‌ಗೆ ಹೋಗಿ 30–20ರಿಂದ ಗೆದ್ದಿತು. ಪೆನ್ ಸ್ಟೇಟ್‌ನ ಬೃಹತ್ ಮೈದಾನಕ್ಕೆ ಹೋಗಿ 27–24ರಿಂದ ಗೆದ್ದಿತು. ಮೆಂಡೋಝಾ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ ಬಂದವನು. ಇನ್ನೂ ಹಲವರು ಬೇರೆ ಬೇರೆ ಕಾಲೇಜುಗಳಲ್ಲಿ ಆಡಿ ಬಂದವರು. ವರ್ಗಾವಣೆ ಸಲೀಸಾಗಿದೆ, 2021ರಿಂದ ಹುಡುಗರು ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು. ಮೂರು ವರ್ಷದಲ್ಲಿ ಎರಡು ಮನೆ ಬದಲಿಸಿದವನಿಗೆ ಯಾವ ಮೈದಾನದ ಸದ್ದೂ ಹೊಸದಲ್ಲ. ಸುಮಾರು ಊರುಗಳಲ್ಲಿ ಬಾಡಿಗೆಗೆ ಇದ್ದವನು ಹೊಸ ಮನೆಯಲ್ಲಿ ಮೊದಲ ರಾತ್ರಿಯೇ ಗೊರಕೆ ಹೊಡೆಯುತ್ತಾನೆ. ಬೆಂಗಳೂರು ಕಡೆಯವರು ಇದಕ್ಕೆ ಆಶ್ಚರ್ಯಪಡಬೇಕಾಗಿಲ್ಲ; 2025ರಲ್ಲಿ ಆರ್‌ಸಿಬಿ ಪರಸ್ಥಳದ ಏಳೂ ಲೀಗ್ ಪಂದ್ಯ ಗೆದ್ದು ಕಪ್ ತಂದದ್ದನ್ನು ನೋಡಿದ್ದೀರಿ.

ಹಾಗಾದರೆ ನಾನು ಎಷ್ಟು ಕೊಡುತ್ತೇನೆ? ಎಲ್ಲ ಪಂದ್ಯಕ್ಕೂ ಒಂದೇ ದರ ಎಂಬ ಕಾಲ ಹೋಯಿತು. ರಾತ್ರಿ ಪಂದ್ಯ, ಆಳವಾದ ಮೈದಾನ, ಮೂರು ಗಂಟೆಯ ಅಂತರ ಹಾರಿ ಬಂದ, ಎಳೆಯ ಟ್ಯಾಕಲ್‌ಗಳಿರುವ ಅತಿಥಿ: ಹಳೆಯ ಮೂರು ಅಂಕ ಪೂರ್ತಿ ಕೊಡುತ್ತೇನೆ. ಮಧ್ಯಾಹ್ನದ ಪಂದ್ಯ, ಬಸ್ಸಿನಲ್ಲಿ ಬಂದ ನೆರೆಯವರು, ಐದನೆಯ ವರ್ಷದ ಆಟಗಾರರ ಸಾಲು: ಒಂದು ಅಂಕ, ಅದೂ ಮರ್ಯಾದೆಗೆ.

ಮರ್ಯಾದೆಗೆ ಎಂದೆ, ಏಕೆಂದರೆ ನಮ್ಮದೇ ದೊಡ್ಡ ಪಂದ್ಯ ನೋಡಿ. ಮಿಷಿಗನ್–ಒಹಾಯೊ ಸ್ಟೇಟ್. 2022ರಲ್ಲಿ ನಾವು ಕೊಲಂಬಸ್‌ನಲ್ಲಿ ಗೆದ್ದೆವು. 2023ರಲ್ಲಿ ಇಲ್ಲಿ ಗೆದ್ದೆವು. 2024ರಲ್ಲಿ ಯಾರೂ ನಿರೀಕ್ಷಿಸದೆ ಇದ್ದಾಗ ಮತ್ತೆ ಅಲ್ಲೇ 13–10ರಿಂದ ಗೆದ್ದೆವು. ಕಳೆದ ನವೆಂಬರ್‌ನಲ್ಲಿ ಅವರು ಇಲ್ಲಿಗೆ ಬಂದು 27–9ರಿಂದ ಗೆದ್ದು ಹೋದರು. ನಾಲ್ಕರಲ್ಲಿ ಮೂರು ಅತಿಥಿಗಳದು.

ಆ ನವೆಂಬರ್‌ನ ಶನಿವಾರ ನಮ್ಮ ಮನೆಯಲ್ಲಿ ಪಂದ್ಯ ನೋಡಲು ಹನ್ನೆರಡು ಜನ ಸೇರಿದ್ದೆವು. ಮಗಳನ್ನು ಒಹಾಯೊದ ಹುಡುಗನಿಗೆ ಕೊಟ್ಟಿದ್ದೇವೆ. ಅವಳು ಹಿಂದಿನ ರಾತ್ರಿಯೇ ಬಂದು, ಬೆಳಗ್ಗೆ ಒಂಬತ್ತರವರೆಗೆ ಮಲಗಿ, ಎದ್ದು ಅವಳ ಅಮ್ಮನ ಕೈಯ ಅಕ್ಕಿ ರೊಟ್ಟಿ ನಾಲ್ಕು ತಿಂದು, ಆಮೇಲೆ ಕೋಣೆಗೆ ಹೋಗಿ ಒಹಾಯೊದ ಕೆಂಪು ಅಂಗಿ ತೊಟ್ಟು ಬಂದು ಕುಳಿತಳು. ತವರಿನಲ್ಲಿ ಕುಳಿತೇ ನಮ್ಮ ಟ್ಯಾಕಲ್ ಕದಲಿದಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದಳು. ನಾನು ಏನೂ ಹೇಳಲಿಲ್ಲ. ಹೇಳಲು ನನಗೆ ಸಲಿಗೆ ಸಾಲಲಿಲ್ಲ.